ನಾಯಿಗೆ ಹೆದರಿಸಿ ಕಲಿಸಬೇಕೋ, ತಿಂಡಿ ಕೊಟ್ಟು ಕಲಿಸಬೇಕೋ?

ನೀವು ಕೇಳಿರುವುದು ಇಷ್ಟು: ಸಾಗರದ ಹತ್ತಿರ ತೋಟದ ಮನೆ, ಎಂಟು ತಿಂಗಳ ಗಂಡು ನಾಯಿ. ಕೋಳಿಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ, ಕರೆದರೆ ತಿರುಗಿಯೂ ನೋಡುವುದಿಲ್ಲ. ತರಬೇತಿ ಕೊಡುವವರೊಬ್ಬರು ಒಳಗಡೆ ಮುಳ್ಳಿರುವ ಕಬ್ಬಿಣದ ಕೊರಳಪಟ್ಟಿ ಹಾಕಿ ಜಗ್ಗಿದರೆ ಹದಿನೈದು ದಿನದಲ್ಲಿ ದಾರಿಗೆ ಬರುತ್ತದೆ ಎಂದಿದ್ದಾರೆ. ನಿಮ್ಮ ಹೆಂಡತಿ ತಿಂಡಿ ಕೊಟ್ಟು ಕಲಿಸೋಣ ಎನ್ನುತ್ತಾರೆ. ಬಿಸ್ಕತ್ತಿಗೆ ಬಗ್ಗುವ ನಾಯಿ ನಾಳೆ ಕಾಡಿನಂಚಿನಲ್ಲಿ ನಮ್ಮ ಮಾತು ಕೇಳೀತೇ ಎಂಬುದು ನಿಮ್ಮ ಅನುಮಾನ.

ಮುಳ್ಳಿನ ಪಟ್ಟಿ ತರಬೇಡಿ. ನಿಮ್ಮ ಮನೆ ಕಾಡಿನಂಚಿನಲ್ಲಿ ಇರುವುದರಿಂದಲೇ ತರಬೇಡಿ ಎನ್ನುತ್ತೇನೆ. ಇದನ್ನು ನಾನು ಒಂದು ನಾಯಿಯನ್ನು ಕಳೆದುಕೊಂಡು ಕಲಿತೆ.

ನಮ್ಮದು ಹೊಸನಗರ ತಾಲ್ಲೂಕು. ಮನೆಯ ಹಿಂದೆ ಅಡಿಕೆ ತೋಟ, ತೋಟದಾಚೆ ಕಾನು, ಅಂದರೆ ದಟ್ಟ ಕಾಡು. ಕರಿಯ ಎಂಬ ನಾಡ ನಾಯಿ ಇತ್ತು. ಇತ್ತು ಎನ್ನಲು ಮನಸ್ಸು ಬರುವುದಿಲ್ಲ, ಇದ್ದ. ಮಂಗಗಳ ಹಿಂಡು ತೋಟಕ್ಕೆ ಇಳಿದರೆ ಒಬ್ಬನೇ ಓಡಿಸುತ್ತಿದ್ದ. ಆದರೆ ಊರು ಸುತ್ತುವ ಚಾಳಿ. ಕತ್ತಲಾದ ಮೇಲೆ ನಾನು ಅಂಗಳದಲ್ಲಿ ನಿಂತು ಕರೆಯುತ್ತಿದ್ದೆ, ಹತ್ತಿರ ಬಂದ ಕೂಡಲೇ ಬೆತ್ತದಿಂದ ಎರಡು ಬಾರಿಸುತ್ತಿದ್ದೆ. ಊರು ಸುತ್ತಿದ್ದಕ್ಕೆ ಶಿಕ್ಷೆ ಎಂದು ನನ್ನ ಲೆಕ್ಕ. ಅವನ ಲೆಕ್ಕವೇ ಬೇರೆ. ಪೆಟ್ಟು ಬೀಳುವ ಮೊದಲು ಅವನು ಮಾಡಿದ ಕೊನೆಯ ಕೆಲಸ ಯಾವುದು? ಕರೆದಾಗ ಬಂದದ್ದು. ಅಲೆದಾಟವೆಲ್ಲ ಮುಗಿದು ಅರ್ಧ ಗಂಟೆಯಾಗಿರುತ್ತಿತ್ತು. ಪೆಟ್ಟು ಬಿದ್ದದ್ದು ಬಂದದ್ದಕ್ಕೆ.

ಕೆಲವು ವಾರಗಳಲ್ಲಿ ಅವನು ಬೇಲಿಬಾಗಿಲ ಉಣುಗೋಲಿನ ಹತ್ತಿರವೇ ನಿಂತುಬಿಡುತ್ತಿದ್ದ. ಕಿವಿ ಹಿಂದಕ್ಕೆ ಒತ್ತಿ, ಬಾಲ ಹೊಟ್ಟೆಯಡಿಗೆ ಎಳೆದುಕೊಂಡು, ನೆಲಕ್ಕೆ ಅಂಟಿ ಮಲಗುತ್ತಿದ್ದ. 'ನೋಡು, ತಪ್ಪು ಮಾಡಿದ್ದು ಅವನಿಗೇ ಗೊತ್ತು' ಎಂದು ಅಪ್ಪಯ್ಯನಿಗೆ ಹೇಳುತ್ತಿದ್ದೆ. ಅದು ತಪ್ಪಿನ ಅರಿವಲ್ಲ, ಬೈಗುಳದ ಭಯ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನೇ ತೋರಿಸಿದರು: ನಾಯಿಗಳು ಆ 'ತಪ್ಪಿತಸ್ಥ ಮುಖ' ಮಾಡುವುದು ಯಜಮಾನರು ಗದರಿದಾಗ, ನಿಜವಾಗಿ ತಪ್ಪು ಮಾಡಿದ್ದರೂ ಅಷ್ಟೇ, ಮಾಡದಿದ್ದರೂ ಅಷ್ಟೇ.

ಒಂದು ಜನವರಿಯ ರಾತ್ರಿ ಕೊಟ್ಟಿಗೆಯ ಹಿಂದೆ ಕರಿಯ ಬೊಗಳಿದ. ಎಂದಿನ ದನಿಯಲ್ಲ. ನಾನು ಟಾರ್ಚು ಹಿಡಿದು ಹೊರಗೆ ಬಂದೆ. ಗೊಬ್ಬರದ ಗುಂಡಿಯ ಪಕ್ಕ ಅವನ ಕಣ್ಣು ಹೊಳೆಯಿತು. ಗಾಬರಿಯಲ್ಲಿ ಜೋರಾಗಿ ಕರೆದೆ. ಗಾಬರಿಯ ದನಿಗೂ ಸಿಟ್ಟಿನ ದನಿಗೂ ನಾಯಿಗೆ ಏನು ವ್ಯತ್ಯಾಸ ಗೊತ್ತಾಗಬೇಕು? ಅಲ್ಲೇ ನೆಲಕ್ಕೆ ಅಂಟಿದ. ನಾನು ಎರಡು ಹೆಜ್ಜೆ ಮುಂದಿಟ್ಟೆ, ಅವನು ಎರಡು ಹೆಜ್ಜೆ ಹಿಂದೆ ಸರಿದ, ತೋಟದ ಕಡೆಗೆ. ಆಮೇಲೆ ಒಣಗಿದ ಸೋಗೆಯ ಮೇಲೆ ಏನೋ ದಬಕ್ಕೆಂದ ಸದ್ದು, ಅಷ್ಟೇ. ಬೆಳಿಗ್ಗೆ ಕಾಲುವೆಯ ಅಂಚಿನಲ್ಲಿ ಚಿರತೆಯ ಹೆಜ್ಜೆ ಕಂಡಿತು, ಅವನ ಪಟ್ಟಿ ಸಿಕ್ಕಿತು. ಜಗಲಿ ಅವನಿಗೆ ಹದಿನೈದು ಹೆಜ್ಜೆ ದೂರದಲ್ಲಿತ್ತು.

ನಿಮಗೆ ಮುಳ್ಳಿನ ಪಟ್ಟಿ ಹೇಳಿದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರು ಹಳೆಯ ವಿದ್ಯೆಯನ್ನೇ ಹೇಳಿದ್ದಾರೆ. ಜರ್ಮನಿಯ ಕಾನ್ರಾಡ್ ಮೋಸ್ಟ್ ಪೊಲೀಸ್ ನಾಯಿಗಳಿಗಾಗಿ 1910ರಲ್ಲಿ ಬರೆದ ಕೈಪಿಡಿಯಿಂದ ಈ ಜಗ್ಗುವ ಪದ್ಧತಿ ಸೈನ್ಯಗಳಿಗೆ, ಅಲ್ಲಿಂದ ಮನೆಗಳಿಗೆ ಹರಡಿತು. 'ನಾಯಿ ತೋಳದ ಜಾತಿ, ನೀವೇ ನಾಯಕ ಎಂದು ತೋರಿಸಬೇಕು' ಎಂಬ ಮಾತು ಅದಕ್ಕೆ ಆಮೇಲೆ ಸೇರಿಕೊಂಡಿತು. ಆ ಮಾತಿನ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದ ಆವರಣದೊಳಗಿನ ತೋಳಗಳನ್ನು ನೋಡಿ ಬರೆದ ಪ್ರಬಂಧದಲ್ಲಿದೆ. ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಕಾಡಿನಲ್ಲಿ ತೋಳಗಳ ಜೊತೆ ಬೇಸಿಗೆಗಳನ್ನು ಕಳೆದ ಮೇಲೆ ಅದೇ ಮೆಕ್ 1999ರಲ್ಲಿ ತಿದ್ದಿ ಬರೆದರು: ಕಾಡಿನ ತೋಳದ ಹಿಂಡು ಎಂದರೆ ಸಾಮಾನ್ಯವಾಗಿ ಒಂದು ಸಂಸಾರ, ಅಪ್ಪ ಅಮ್ಮ ಮತ್ತು ಮರಿಗಳು. ಅಲ್ಲಿ ಗದ್ದುಗೆಗಾಗಿ ಕಾದಾಟವಿಲ್ಲ. ಮಾತಿನ ಬುಡವೇ ಹೋಯಿತು, ಪಟ್ಟಿ ಮಾತ್ರ ಅಂಗಡಿಯಲ್ಲಿ ಉಳಿದಿದೆ.

ಹೊಡೆತದಿಂದ ನಾಯಿ ಏನೂ ಕಲಿಯುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಕಲಿಯುತ್ತದೆ, ಬೇಗ ಕಲಿಯುತ್ತದೆ. ನೋವಾದರೆ ಆ ಕ್ಷಣ ನಿಲ್ಲುತ್ತದೆ, ಜಗ್ಗಿದವರಿಗೆ ಸಮಾಧಾನವಾಗುತ್ತದೆ, ಹಾಗಾಗಿ ನಾಳೆ ಇನ್ನೊಮ್ಮೆ ಜಗ್ಗುತ್ತಾರೆ. ಆದರೆ ನೋವನ್ನು ನಾಯಿ ಯಾವುದಕ್ಕೆ ಗಂಟು ಹಾಕುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಕೋಳಿಗೆ ಹಾಕಬಹುದು, ಪಟ್ಟಿ ಹಿಡಿದ ಕೈಗೆ ಹಾಕಬಹುದು, ಆಗ ಅಂಗಳದಲ್ಲಿ ಹಾದುಹೋದ ಮಗುವಿಗೂ ಹಾಕಬಹುದು. ಗುರುಗುಟ್ಟಿದ್ದಕ್ಕೆ ಹೊಡೆದರೆ ಇನ್ನೂ ಅಪಾಯ: ಗುರುಗುಟ್ಟುವುದು ನಿಲ್ಲುತ್ತದೆ, ಸಿಟ್ಟು ನಿಲ್ಲುವುದಿಲ್ಲ. ಎಚ್ಚರಿಕೆ ಕೊಡದೆ ಕಚ್ಚುವ ನಾಯಿ ಹೀಗೂ ತಯಾರಾಗುತ್ತದೆ.

ನಿಮ್ಮ ಪ್ರಶ್ನೆಗೆ ನೇರವಾಗಿ ಹೊಂದುವ ಅಧ್ಯಯನವೊಂದಿದೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ್ದು. 63 ನಾಯಿಗಳು, ಹೆಚ್ಚಿನವುಗಳ ದೂರು ನಿಮ್ಮದೇ: ಕರೆದರೆ ಬರುವುದಿಲ್ಲ, ಕುರಿಗಳನ್ನು ಅಟ್ಟುತ್ತದೆ. ಕೆಲವಕ್ಕೆ ವಿದ್ಯುತ್ ಆಘಾತ ಕೊಡುವ ಪಟ್ಟಿಯಿಂದ, ಉಳಿದವಕ್ಕೆ ಅದಿಲ್ಲದೆ ಕಲಿಸಿದರು. ಪಟ್ಟಿ ಹಾಕಿದ ನಾಯಿಗಳು ಹೆಚ್ಚು ಕಲಿತದ್ದು ಕಾಣಲಿಲ್ಲ. ಹೆಚ್ಚು ಬಿಗಿದುಕೊಂಡದ್ದು ಕಂಡಿತು. ವೇಲ್ಸ್ ಆ ಪಟ್ಟಿಯನ್ನು 2010ರಲ್ಲಿಯೇ ನಿಷೇಧಿಸಿತ್ತು. ಪೋರ್ಚುಗಲ್‌ನಲ್ಲಿ 2020ರಲ್ಲಿ ಏಳು ತರಬೇತಿ ಶಾಲೆಗಳ 92 ನಾಯಿಗಳ ಜೊಲ್ಲು ಪರೀಕ್ಷಿಸಿದಾಗ, ಜಗ್ಗಿ ಗದರಿ ಕಲಿಸುವ ಶಾಲೆಯ ನಾಯಿಗಳಲ್ಲಿ ಪಾಠ ಮುಗಿದ ಮೇಲೆ ಒತ್ತಡದ ಹಾರ್ಮೋನು ಹೆಚ್ಚು ಏರಿತ್ತು. ಅಲ್ಲಿ ಇನ್ನೊಂದು ಪರೀಕ್ಷೆ ಮಾಡಿದರು, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಒಂದು ಬದಿಗಿಟ್ಟ ಬಟ್ಟಲಿನಲ್ಲಿ ಯಾವಾಗಲೂ ಮಾಂಸ, ಇನ್ನೊಂದು ಬದಿಯದು ಯಾವಾಗಲೂ ಖಾಲಿ. ಇದು ರೂಢಿಯಾದ ಮೇಲೆ ಬಟ್ಟಲನ್ನು ನಡುವೆ ಇಟ್ಟರೆ ನಾಯಿ ಏನು ಮಾಡುತ್ತದೆ? ಗದರಿಸಿಕೊಂಡು ಕಲಿತ ನಾಯಿಗಳು ಅದರತ್ತ ನಿಧಾನವಾಗಿ ಹೋದವು. ಒಳ್ಳೆಯದು ಸಿಕ್ಕೀತು ಎಂಬ ಆಸೆಯೇ ಅವಕ್ಕೆ ಕಡಿಮೆಯಾಗಿತ್ತು.

ಇನ್ನು ತಿಂಡಿಯ ವಿಷಯ. 'ಕೈಯಲ್ಲಿ ಬಿಸ್ಕತ್ತಿದ್ದರೆ ಮಾತ್ರ ಬರುತ್ತದೆ' ಎನ್ನುವವರ ದೂರು ಸುಳ್ಳಲ್ಲ, ಅವರು ಕೊಡುವ ಕ್ರಮ ತಪ್ಪು. ಅಡಿಕೆ ಕೊನೆ ಕೊಯ್ಯುವವರಿಗೆ ನಾವು ಕೂಲಿಯ ದುಡ್ಡನ್ನು ಮರದ ಬುಡದಲ್ಲಿ ಆಡಿಸಿ ತೋರಿಸುತ್ತೇವೆಯೇ? ಕೆಲಸ ಮುಗಿದ ಮೇಲೆ ಕೊಡುತ್ತೇವೆ. ಕೊಡುತ್ತೇವೆಂಬ ನಂಬಿಕೆಯ ಮೇಲೆಯೇ ಅವರು ಮರ ಹತ್ತುತ್ತಾರೆ. ಹಾಗೆಯೇ ತಿಂಡಿ ಕಾಣಿಸಬಾರದು. ಮೊದಲು ಕರೆ, ನಾಯಿ ಬಂದ ಮೇಲೆ ಕೂಲಿ.

ಈಗ ನಮ್ಮಲ್ಲಿ ಬೆಳ್ಳಿ ಇದ್ದಾಳೆ. ಅವಳನ್ನು 'ಬಾ' ಎಂದು ಕರೆಯುವುದಿಲ್ಲ. ಕರಿಯನ ಕಾಲದಲ್ಲಿ ಆ ಪದವನ್ನು ನಾನೇ ಕೆಡಿಸಿದ್ದೆ. ನಿಮ್ಮ ಮನೆಯಲ್ಲೂ ಬೈದು ಬೈದು ಸವೆದ ಪದವಿದ್ದರೆ ಬಿಟ್ಟು ಹೊಸದು ಹಿಡಿಯಿರಿ. ನಾನು ತೋಟದಲ್ಲಿ ಕೂಗುವಂತೆ 'ಕೂಽ' ಎನ್ನುತ್ತೇನೆ. ಮೊದಲ ವಾರವೆಲ್ಲ ಅಡುಗೆಮನೆಯಿಂದ ಜಗಲಿಗೆ ಮಾತ್ರ. ಕೂಗಿದ ಕೂಡಲೇ ಅವಳ ಕಿವಿ ತಿರುಗುತ್ತಿತ್ತು. ಆ ಕಿವಿ ತಿರುಗಿದ ಚಣಕ್ಕೆ 'ಹೂಂ!' ಎನ್ನುತ್ತಿದ್ದೆ, ಬಂದು ಮುಟ್ಟಿದಾಗ ಬೇಯಿಸಿದ ಮೊಟ್ಟೆಯ ಕಡಲೆಕಾಳಿನಷ್ಟು ಚೂರು. ಒಂದೆರಡು ಸೆಕೆಂಡಿನೊಳಗೆ ಬಾಯಿಗೆ ಹೋಗಬೇಕು, ಜೇಬು ತಡಕಾಡುತ್ತ ನಿಂತರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯುವುದಿಲ್ಲ. ಆಮೇಲೆ ಅಂಗಳ, ಆಮೇಲೆ ಮೂವತ್ತು ಅಡಿ ಹಗ್ಗ ಕಟ್ಟಿಕೊಂಡು ತೋಟ. ಪಾಠ ಗಟ್ಟಿಯಾದ ಮೇಲೆ ಒಮ್ಮೆ ಮೊಟ್ಟೆ, ಒಮ್ಮೆ ಬರೀ ಮೈದಡವುವುದು, ಒಮ್ಮೆ ಎಲ್ಲವೂ. ಈರುಳ್ಳಿ ಬಿದ್ದ ಪಲ್ಯ, ದ್ರಾಕ್ಷಿ ಕೊಡಬೇಡಿ, ಅವು ನಾಯಿಗೆ ವಿಷ.

ಕರೆದು ತಂದು ಕೆಟ್ಟದ್ದು ಮಾಡಬಾರದು. ಸ್ನಾನಕ್ಕೆ, ಉಣುಗು ಕೀಳುವುದಕ್ಕೆ ಅವಳನ್ನು ನಾನು ಕರೆಯುವುದಿಲ್ಲ, ಅವಳಿದ್ದಲ್ಲಿಗೆ ಹೋಗುತ್ತೇನೆ. ಉಣುಗಿನ ವಿಷಯ ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಬೇಸಿಗೆಯಲ್ಲಿ ತರಗೆಲೆಯಲ್ಲಿ ಹೊರಳಿ ಬಂದ ನಾಯಿಯ ಕಿವಿ, ಕಂಕುಳು, ಬೆರಳ ಸಂದಿಯನ್ನು ದಿನಾ ನೋಡಬೇಕು. ಕಿವಿ ಮುಟ್ಟಿದರೆ ಚೂರು, ಪಾದ ಎತ್ತಿದರೆ ಚೂರು ಎಂದು ಮರಿಯಲ್ಲೇ ಅಭ್ಯಾಸ ಮಾಡಿಸಿದ್ದರಿಂದ ಬೆಳ್ಳಿ ಈಗ ತಾನೇ ಮಗ್ಗುಲಾಗಿ ಮಲಗಿ ಕೊಡುತ್ತಾಳೆ. ಹಿಡಿದು ಒತ್ತಿ ಕೀಳುತ್ತಿದ್ದಾಗ ಕರಿಯ ನನ್ನ ಮುಂಗೈಗೆ ಹಲ್ಲು ಹಾಕಿದ್ದ.

ಕೋಳಿಗೆ ಬರೋಣ. ಅಟ್ಟುವುದೇ ನಾಯಿಗೆ ಹಬ್ಬ. ಪ್ರತಿ ಸಲ ಅಟ್ಟಿದಾಗಲೂ ಅದಕ್ಕೆ ಬಹುಮಾನ ಸಿಕ್ಕಿದಂತೆಯೇ. ಆದ್ದರಿಂದ ಪಾಠ ಮುಗಿಯುವವರೆಗೆ ಕೋಳಿ ಮೇಯುವ ಹೊತ್ತಿನಲ್ಲಿ ನಾಯಿ ಬಿಡುವಂತಿಲ್ಲ. ಹಗ್ಗ ಹಿಡಿದು ಐವತ್ತು ಅಡಿ ದೂರದಲ್ಲಿ ಕೂರಿ. ಕೋಳಿ ನೋಡಿ ನಿಮ್ಮತ್ತ ತಿರುಗಿದರೆ ಚೂರು. ದಿಟ್ಟಿಸಿ ಮೈ ಬಿಗಿಹಿಡಿದರೆ ಹತ್ತಿರ ಬಂದಿರಿ ಎಂದು ಅರ್ಥ, ಹಿಂದೆ ಸರಿಯಿರಿ. ದಿನಕ್ಕೆ ಹತ್ತು ನಿಮಿಷ ಸಾಕು, ತಿಂಗಳುಗಳು ಬೇಕು. ಹದಿನೈದು ದಿನದ ಮಾತನ್ನು ನಾನು ಕೊಡಲಾರೆ.

ನಾನು ಈಗಲೂ ಬಹಳ ಕಟ್ಟುನಿಟ್ಟು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಳ್ಳಿ ಒಳಗಿರಬೇಕು, ಯಾರ ಮಾತಿಗೂ ಆ ಬಾಗಿಲು ತೆರೆಯುವುದಿಲ್ಲ. ಊಟದ ಎಲೆಯಿಂದ ಯಾರೂ ಎತ್ತಿ ಹಾಕುವಂತಿಲ್ಲ, ಮನೆಗೆ ಬಂದ ನೆಂಟರೂ ಕೂಡ. ಹಗಲಿಡೀ ಮೊಳದುದ್ದದ ಸರಪಳಿಯಲ್ಲಿ ಕಟ್ಟುವುದೂ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅದೂ ಅಪರಾಧ, ಹೊಡೆಯುವುದೂ ಅಪರಾಧ.

ತರಬೇತುದಾರರ ನೆರವು ಬೇಕೇ ಬೇಕೆಂದರೆ ಅವರನ್ನು ಒಂದು ಪ್ರಶ್ನೆ ಕೇಳಿ: ನಾಯಿ ತಪ್ಪು ಮಾಡಿದಾಗ ನೀವೇನು ಮಾಡುತ್ತೀರಿ? ಉತ್ತರವನ್ನು ನಿಮ್ಮ ಕಣ್ಣೆದುರೇ ಮಾಡಿ ತೋರಿಸಲಿ. ನಾಯಿಯನ್ನು ಅವರಲ್ಲಿ ಬಿಟ್ಟು ಬರಬೇಡಿ. ಇದ್ದಕ್ಕಿದ್ದಂತೆ ಮುಟ್ಟಿದರೆ ಗುರುಗುಟ್ಟುವುದು ಶುರುವಾದರೆ ಮೊದಲು ಪಶುವೈದ್ಯರಿಗೆ ತೋರಿಸಿ, ಕಿವಿಯಲ್ಲೋ ಸೊಂಟದಲ್ಲೋ ನೋವಿರಬಹುದು.

ನಾಳೆಯೇ ಎರಡು ಮೊಟ್ಟೆ ಬೇಯಿಸಿ, ನಿಮ್ಮ ಹೆಂಡತಿ ಜಗಲಿಯಲ್ಲಿ ನಿಲ್ಲಲಿ, ನೀವು ಅಡುಗೆಮನೆಯಲ್ಲಿ ನಿಲ್ಲಿ. ಇಬ್ಬರೂ ಒಂದೇ ಪದದಿಂದ ಸರದಿಯಂತೆ ಕರೆಯಿರಿ. ಹಗ್ಗ ಹಿಡಿದು ತೋಟಕ್ಕೆ ಇಳಿಯುವ ಹಂತಕ್ಕೆ ಬಂದಾಗ ಇಲ್ಲೇ ಬರೆಯಿರಿ, ಮುಂದಿನದನ್ನು ಹೇಳುತ್ತೇನೆ.