ಜ್ಞಾನಸ್ನಾನ ಮಾಡಿಸದ್ದಕ್ಕೇ ಮಗಳು ಹೋದಳಾ ಅಂತ ಕೇಳ್ತಾಳೆ, ಏನು ಹೇಳಲಿ?

ಪ್ರಶ್ನೆ: ದಾವಣಗೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರು ನಾನು. ದೇವರನ್ನು ನಂಬುವವನಲ್ಲ. ಹೆಂಡತಿ ಕ್ಯಾಥೊಲಿಕ್ ಮನೆತನದವಳು, ನಮ್ಮದು ರಿಜಿಸ್ಟರ್ ಮದುವೆ. ಮಕ್ಕಳು ದೊಡ್ಡವರಾದ ಮೇಲೆ ಅವರೇ ಆರಿಸಿಕೊಳ್ಳಲಿ ಅಂತ ಜ್ಞಾನಸ್ನಾನಕ್ಕೆ (ಬ್ಯಾಪ್ಟಿಸಂಗೆ) ನಾನು ಒಪ್ಪಲಿಲ್ಲ. ಈ ಮಳೆಗಾಲದಲ್ಲಿ ನಾಲ್ಕು ವರ್ಷದ ಮಗಳು ಡೆಂಗಿಯಲ್ಲಿ ತೀರಿಕೊಂಡಳು. ಜ್ವರ ಬಿಟ್ಟಿತು ಅಂತ ನಾವು ನೆಮ್ಮದಿಯಾದ ದಿನವೇ ಅವಳ ಕೈಕಾಲು ತಣ್ಣಗಾದವು. ಜಗಳೂರು ಕಡೆಯ ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು. ಅತ್ತೆ ‘ದೇವರ ಚಿತ್ತ’ ಅಂತಾರೆ. ಹೆಂಡತಿ ‘ಜ್ಞಾನಸ್ನಾನ ಮಾಡಿಸದ್ದಕ್ಕೇ ಹೀಗಾಯ್ತಾ’ ಅಂತ ಕೇಳ್ತಾಳೆ. ಸಿಟ್ಟಿನಲ್ಲಿ ‘ಮಗೂನ ಕೊಲ್ಲೋ ದೇವರು ನಿನಗೇ ಇರಲಿ’ ಅಂದುಬಿಟ್ಟೆ. ಆವತ್ತಿನಿಂದ ಮಾತು ನಿಂತಿದೆ. ‘ದೇವರೇ ಇಲ್ಲ ಅನ್ನೋರಿಗೆ ನ್ಯಾಯ ಅನ್ಯಾಯ ಎಲ್ಲಿಂದ ಬಂತು’ ಅಂತ ಭಾಮೈದ ಕೇಳಿದ. ಸತ್ತವರನ್ನು ನೆನೆಯುವ ದಿನ, ನವೆಂಬರ್ 2ಕ್ಕೆ, ಚರ್ಚಿನಲ್ಲಿ ಮಗಳ ಹೆಸರಲ್ಲಿ ಪೂಜೆ ಕೊಡಿಸಬೇಕು, ನೀವೂ ಬನ್ನಿ ಅಂತ ಹೆಂಡತಿ ಚೀಟಿ ಬರೆದಿಟ್ಟಿದ್ದಾಳೆ. ಒಂಬತ್ತು ವರ್ಷದ ಮಗ ‘ತಂಗಿ ಎಲ್ಲಿದ್ದಾಳೆ’ ಅಂತ ಅವಳನ್ನೊಮ್ಮೆ, ನನ್ನನ್ನೊಮ್ಮೆ ಕೇಳ್ತಾನೆ.

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ತಡಮಾಡಬಾರದ್ದು ನಿಮ್ಮ ಮನೆಯವರ ಪ್ರಶ್ನೆ. ಜ್ಞಾನಸ್ನಾನ ಆಗದ್ದಕ್ಕೆ ಮಗು ಹೋಯಿತೇ? ಇಲ್ಲ. ಹೀಗೆ ಹೇಳಲು ನೀವು ದೇವರನ್ನು ನಂಬಬೇಕಾಗಿಲ್ಲ, ಅವರು ನಂಬಿಕೆ ಬಿಡಬೇಕಾಗಿಯೂ ಇಲ್ಲ. ಅವರ ಧರ್ಮಸಭೆಯೇ, ಅಂದರೆ ಕ್ಯಾಥೊಲಿಕ್ ಚರ್ಚೇ, ಈ ಮಾತಿನ ಹಿಂದೆ ನಿಲ್ಲುತ್ತದೆ.

ಐದನೇ ಶತಮಾನದ ಸಂತ ಅಗಸ್ಟೀನ್ ಈ ವಿಷಯದಲ್ಲಿ ಬಹಳ ಕಠಿಣವಾಗಿದ್ದರು. ಜ್ಞಾನಸ್ನಾನವಿಲ್ಲದೆ ಸತ್ತ ಕೂಸಿಗೂ ಶಿಕ್ಷೆ ಇದೆ, ತೀರಾ ಹಗುರದ್ದಾದರೂ ಇದೆ ಎಂದರು. ಆ ಮಾತನ್ನು ಮೆತ್ತಗೆ ಮಾಡಲು ಮಧ್ಯಯುಗದ ಪಂಡಿತರು ‘ಲಿಂಬೊ’ ಎಂಬ ನಡುವಿನ ನೆಲೆಯೊಂದನ್ನು ಊಹಿಸಿದರು. ಅದು ಎಂದೂ ಧರ್ಮಸಭೆಯ ಕಡ್ಡಾಯ ಬೋಧನೆ ಆಗಲಿಲ್ಲ. ಈಗಿನ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಇಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ ಅವರ ರಕ್ಷಣೆಯ (ಮೋಕ್ಷದ) ಬಗ್ಗೆ ಭರವಸೆ ಇಡಲು ಗಟ್ಟಿ ಕಾರಣಗಳಿವೆ ಎಂದು ಬರೆಯಿತು. ರೋಗವನ್ನು ಶಿಕ್ಷೆಯೆಂದು ನೋಡುವ ವಿಚಾರಕ್ಕೆ ಬಂದರೆ, ಯೋಹಾನನ ಸುವಾರ್ತೆ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ತೋರಿಸಿ ‘ಪಾಪ ಇವನದೋ, ತಂದೆತಾಯಿಯದೋ’ ಎಂದು ಶಿಷ್ಯರು ಕೇಳುತ್ತಾರೆ. ಯೇಸು ಎರಡೂ ಅಲ್ಲ ಅನ್ನುತ್ತಾನೆ. ಲೂಕನ ಹದಿಮೂರರಲ್ಲಿ ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೇನಲ್ಲ ಎನ್ನುತ್ತಾನೆ.

ಆದರೆ ಇದನ್ನೆಲ್ಲ ನೀವು ಓದಿ ಹೇಳಬೇಡಿ. ನಿಮ್ಮ ಬಾಯಲ್ಲಿ ಅದು ಮತ್ತೊಂದು ವಾದವಾಗಿ ಕೇಳುತ್ತದೆ. ಫಾದರ್ ಹೇಳಬೇಕು. ಭಾನುವಾರದ ಪೂಜೆ ಮುಗಿದ ಕೂಡಲೇ ಜನ ಮುತ್ತಿಕೊಂಡಿರುತ್ತಾರೆ, ಆಗ ಬೇಡ. ಮೊದಲೇ ಫೋನ್ ಮಾಡಿ, ವಾರದ ನಡುವೆ ಒಂದು ಸಂಜೆ ಅರ್ಧ ಗಂಟೆ ಕೇಳಿ, ಇಬ್ಬರೂ ಹೋಗಿ. ಜ್ಞಾನಸ್ನಾನ ಬೇಡ ಅಂದವನು ನಾನು ಎಂದು ನೀವೇ ಮೊದಲು ಹೇಳಿ, ಆ ಭಾರ ಅವರ ಮೇಲಿಂದ ಇಳಿಯಲಿ. ಆಮೇಲೆ ‘ಮಗು ಸತ್ತದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?’ ಅಂತ ನೇರವಾಗಿ ಕೇಳಿ. ಉತ್ತರ ಸುತ್ತಿಬಳಸಿ ಬಂದರೆ ಇನ್ನೊಮ್ಮೆ ಕೇಳಿ. ‘ಇಲ್ಲ’ ಎಂಬ ಮಾತು ಆ ತಾಯಿಯ ಕಿವಿಗೆ ಬೀಳಲೇಬೇಕು. ಪೂಜೆಗೂ ಅಡ್ಡಿಯಿಲ್ಲ. ಬದುಕಿರುವ ಅಥವಾ ತೀರಿಕೊಂಡ ಯಾರಿಗಾಗಿಯೂ ಗುರುಗಳು ಬಲಿಪೂಜೆ ಅರ್ಪಿಸಬಹುದು ಎಂದು 1983ರ ಧರ್ಮಸಭಾ ಕಾನೂನಿನ 901ನೇ ವಿಧಿ ಹೇಳುತ್ತದೆ.

ಇನ್ನೊಂದು ತಪ್ಪಿತಸ್ಥ ಭಾವನೆ ನೀವಿಬ್ಬರೂ ಬಾಯಿಬಿಡದೆ ಹೊತ್ತಿದ್ದೀರಿ ಅನಿಸುತ್ತದೆ: ಜ್ವರ ಬಿಟ್ಟ ದಿನ ನಾವೇಕೆ ನೆಮ್ಮದಿಯಾದೆವು ಅನ್ನುವುದು. ಡೆಂಗಿ ಮೋಸ ಮಾಡುವುದೇ ಆ ದಿನ. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಕೆಲವರಲ್ಲಿ ಆಗಲೇ ರಕ್ತದ ನೀರಿನಂಶ ನಾಳಗಳಿಂದ ಹೊರಗೆ ಸೋರಲು ಶುರುವಾಗಿ, ಒಂದೆರಡು ದಿನ ಸೋರುತ್ತಲೇ ಇರುತ್ತದೆ. ರಕ್ತದೊತ್ತಡ ಕುಸಿದು ಕೈಕಾಲು ತಣ್ಣಗಾಗುತ್ತವೆ. ಮೈ ಬಿಸಿ ಇಲ್ಲವಲ್ಲ ಅಂತ ಯಾವ ತಾಯಿಯಾದರೂ ಉಸಿರು ಬಿಡುವ ಹೊತ್ತು ಅದು. ಇದನ್ನು ಅವರಿಗೆ ಹೇಳಿ, ದೇವರ ಮಾತು ಬೆರೆಸದೆ ಹೇಳಿ. ಮನೆಯಲ್ಲಿ ಇನ್ನೊಂದು ಮಗು ಇದೆ, ಆದ್ದರಿಂದ ಇದೂ ಗೊತ್ತಿರಲಿ: ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಕಾಯಬಾರದು. ನೀರಿನ ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ಉಜ್ಜಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಅಲ್ಲಿ ಅಂಟಿಕೊಂಡು ಒಣಗಿದ್ದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಈಗ ನಿಮ್ಮ ಸಿಟ್ಟಿನ ಮಾತು. ಅದರೊಳಗಿರುವ ವಾದ ಬಹಳ ಹಳೆಯದು, ಗಟ್ಟಿಯದೂ ಹೌದು. ದೇವರು ಸರ್ವಶಕ್ತ, ಪೂರ್ತಿ ಒಳ್ಳೆಯವ ಎಂದಾದರೆ ಕೇಡು ಏಕಿದೆ ಎಂಬ ಪ್ರಶ್ನೆಯನ್ನು ಗ್ರೀಕರ ಎಪಿಕ್ಯೂರಸ್ ಹೆಸರಿಗೆ ಹಚ್ಚುತ್ತಾರೆ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ನಿನಲ್ಲಿ ಜನ ಚರ್ಚುಗಳಲ್ಲಿ ತುಂಬಿದ್ದಾಗ ಭೂಕಂಪವಾಯಿತು. ಹಿಂದೆಯೇ ಕಡಲು ಉಕ್ಕಿತು, ಬೆಂಕಿ ಹತ್ತಿತು. ಎಲ್ಲವೂ ಒಳ್ಳೆಯದಕ್ಕೇ ಅನ್ನುತ್ತಿದ್ದವರ ಮೇಲೆ ಫ್ರೆಂಚ್ ಲೇಖಕ ವೋಲ್ಟೇರ್ ಕೆಂಡಕಾರಿದ್ದು ಆಗಲೇ. 1955ರಲ್ಲಿ ಮ್ಯಾಕಿ ಎಂಬ ತತ್ವಜ್ಞಾನಿ ಇಂಥ ದೇವರೂ ಕೇಡೂ ಒಟ್ಟಿಗೆ ಇರುವುದೇ ತರ್ಕಕ್ಕೆ ವಿರುದ್ಧ ಎಂದು ವಾದಿಸಿದರು. ಮನುಷ್ಯನಿಗೆ ಸ್ವತಂತ್ರ ಇಚ್ಛೆ ಕೊಟ್ಟ ಮೇಲೆ ಕೇಡಿಗೂ ದಾರಿ ಬಿಟ್ಟಂತೆಯೇ ಎಂದು ಕ್ರೈಸ್ತ ತತ್ವಜ್ಞಾನಿ ಪ್ಲಾಂಟಿಂಗ 1974ರಲ್ಲಿ ಉತ್ತರಿಸಿದರು. ತರ್ಕದ ಮಟ್ಟಿಗೆ ಆ ಉತ್ತರ ನಿಲ್ಲುತ್ತದೆ ಎಂದು ಅನೇಕ ನಾಸ್ತಿಕರೂ ಒಪ್ಪಿದ್ದಾರೆ. ಆದರೆ ಸೊಳ್ಳೆಯಿಂದ ಬರುವ, ಮನುಷ್ಯನ ಇಚ್ಛೆಗೆ ಸಂಬಂಧವಿಲ್ಲದ ಕೇಡಿಗೆ ಅದು ಹೊಂದುವುದು ಕಷ್ಟ. ಸಂಕಟ ಆತ್ಮವನ್ನು ಪಕ್ವ ಮಾಡುತ್ತದೆ ಎಂಬ ಇನ್ನೊಂದು ಉತ್ತರವೂ ನಾಲ್ಕು ವರ್ಷದ ಕೂಸಿನ ಮುಂದೆ ತಡವರಿಸುತ್ತದೆ.

ನೀವು ಹಿಡಿದುಕೊಳ್ಳಬೇಕಾದವರು ವಿಲಿಯಂ ರೋ. ಕಾಡ್ಗಿಚ್ಚಿಗೆ ಸಿಕ್ಕಿ ದಿನಗಟ್ಟಲೆ ನರಳಿ ಸಾಯುವ ಜಿಂಕೆಮರಿಯ ಉದಾಹರಣೆ ಕೊಟ್ಟು, ಇಂಥ ಸಂಕಟಕ್ಕೆ ಯಾವ ಸಮರ್ಥನೆಯೂ ಕಾಣದು ಎಂದು 1979ರಲ್ಲಿ ಬರೆದ ನಾಸ್ತಿಕ ಅವರು. ಅದೇ ಬರಹದಲ್ಲಿ, ದೇವರಿಲ್ಲ ಎಂದು ನಂಬಿಕೊಂಡೇ, ದೇವರಿದ್ದಾನೆ ಅನ್ನುವವರೂ ವಿವೇಕಿಗಳೇ ಆಗಿರಬಹುದು ಎಂದು ಒಪ್ಪಿದರು. ಅದಕ್ಕೆ ಸ್ನೇಹದ ನಾಸ್ತಿಕತೆ ಎಂಬ ಹೆಸರನ್ನೂ ಕೊಟ್ಟರು. ನಿಮ್ಮ ಮನೆಗೆ ಬೇಕಿರುವುದು ಇದು. ಕ್ಷಮೆ ಕೇಳುವಾಗ ಅಭಿಪ್ರಾಯ ಬದಲಾದಂತೆ ನಟಿಸಬೇಡಿ. ‘ನನಗೆ ನಂಬಿಕೆ ಇಲ್ಲ ಅನ್ನೋದು ನಿನಗೆ ಗೊತ್ತು. ಆದರೆ ಆ ಮಾತನ್ನ ನಿನ್ನ ಮೇಲೆ ಎಸೀಬಾರದಿತ್ತು’ ಎಂದರೆ ಸಾಕು, ಅದಕ್ಕೆ ‘ಆದರೂ’ ಅಂತ ಬಾಲ ಸೇರಿಸಬೇಡಿ.

ಅತ್ತೆಯವರ ‘ದೇವರ ಚಿತ್ತ’ವೇ ಕ್ರೈಸ್ತರ ಕೊನೆಯ ಮಾತು ಅಂದುಕೊಳ್ಳಬೇಡಿ. ಕೇಡು ಏಕಿದೆ ಎಂಬುದಕ್ಕೆ ಥಟ್ಟನೆ ಕೊಡುವ ಯಾವ ಉತ್ತರವೂ ಸಾಲದು ಎಂದು ಅವರ ಧರ್ಮೋಪದೇಶವೇ ಹೇಳುತ್ತದೆ. ಯೋಬನ ಗ್ರಂಥದಲ್ಲಿ ಮಕ್ಕಳನ್ನು ಕಳೆದುಕೊಂಡ ಯೋಬನ ಜೊತೆ ಗೆಳೆಯರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಅಲ್ಲಿವರೆಗೆ ಸರಿಯಾಗಿಯೇ ಇದ್ದರು. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾಗುವುದು ಆ ಕಾರಣ ಹೇಳಿದವರ ಮೇಲೆ. ತನ್ನೊಂದಿಗೆ ಜಗಳಕ್ಕೆ ನಿಂತ ಯೋಬನೇ ಸರಿಯಾಗಿ ಮಾತಾಡಿದ ಅನ್ನುತ್ತಾನೆ. ನಿಮ್ಮ ಮನೆಯವರಿಗೆ ದೇವರ ಮೇಲೇ ಸಿಟ್ಟು ಬಂದರೆ ಅದಕ್ಕೂ ಅವರ ನಂಬಿಕೆಯಲ್ಲಿ ಜಾಗ ಇದೆ.

ಭಾಮೈದನಿಗೆ ಈ ವರ್ಷ ಉತ್ತರ ಕೊಡಬೇಕಾಗಿಲ್ಲ. ನ್ಯಾಯದ ಬೇರು ಎಲ್ಲಿ ಎಂಬುದು ನಿಜವಾದ ಪ್ರಶ್ನೆಯೇ, ನಾಸ್ತಿಕರು ಅದಕ್ಕೆ ಕೊಡುವ ಉತ್ತರಗಳು ಅವರವರಲ್ಲೇ ಒಂದಾಗಿಲ್ಲ. ಆದರೆ ನಂಬದವನಿಗೆ ನ್ಯಾಯ ತಿಳಿಯದು ಎಂಬುದು ಅವರ ಬೈಬಲ್ಲೂ ಒಪ್ಪದ ಮಾತು. ಮೋಶೆಯ ಧರ್ಮಶಾಸ್ತ್ರ ಸಿಗದ ಜನರ ಹೃದಯದಲ್ಲೂ ಅದರ ವಿಧಿ ಬರೆದಿದೆ ಎಂದು ರೋಮನ್ನರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಪೌಲನೇ ಹೇಳಿದ್ದಾನೆ.

ನವೆಂಬರ್ 2ಕ್ಕೆ ಹೋಗಿ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಶಿಲುಬೆ ಗುರುತು ಹಾಕಬೇಕಾಗಿಲ್ಲ, ಮಂಡಿ ಊರಬೇಕಾಗಿಲ್ಲ. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಹಂಚುವ ರೊಟ್ಟಿಗೆ) ಸಾಲು ಎದ್ದಾಗ ನೀವು ಬೆಂಚಿನಲ್ಲೇ ಇರಿ, ಅದು ಕ್ಯಾಥೊಲಿಕರಿಗೆ ಮಾತ್ರ. ಮಗಳ ಹೆಸರನ್ನು ಚೀಟಿಯಲ್ಲಿ ಬಿಡಿಸಿ ಬರೆದು ಮೊದಲೇ ಕೊಡಿ. ಅವಸರದಲ್ಲಿ ಹೆಸರು ತಪ್ಪಾಗಿ ಓದಿದರೆ ಆ ನೋವು ಬೇರೆ. ಮುಂದಿನ ಭಾನುವಾರ ಮೂವರೂ ಹೊಲಕ್ಕೆ ಹೋಗಿ. ಮೆಕ್ಕೆಜೋಳ ಇನ್ನೂ ಮುರಿದಿಲ್ಲವಾದರೆ ಹಿಂದಿನ ದಿನವೇ ಸಮಾಧಿಯವರೆಗೆ ದಾರಿ ಬಿಡಿಸಿಡಿ. ಬಯಲ ಗಾಳಿಗೆ ಮೇಣದಬತ್ತಿ ನಿಲ್ಲುವುದಿಲ್ಲ, ಗಾಜಿನ ಬಾಟಲಿ ಒಯ್ಯಿರಿ.

ಮಗನಿಗೆ ಇಬ್ಬರೂ ಒಟ್ಟಿಗೆ ಕೂತು ಹೇಳಿ. ‘ಮಲಗಿದ್ದಾಳೆ’ ಅಂದರೆ ಮಕ್ಕಳು ಮಲಗಲು ಹೆದರುತ್ತಾರೆ. ‘ದೇವರು ಕರ್ಕೊಂಡ’ ಅಂದರೆ ಮುಂದಿನ ಸರದಿ ತನ್ನದೇನೋ ಅಂದುಕೊಳ್ಳುತ್ತಾರೆ. ಕಾಯಿಲೆಯಿಂದ ಅವಳ ಮೈ ಕೆಲಸ ನಿಲ್ಲಿಸಿತು, ಅವಳಿಗೆ ಈಗ ನೋವಿಲ್ಲ, ತಿರುಗಿ ಬರುವುದಿಲ್ಲ. ಇಷ್ಟು ಇಬ್ಬರೂ ಒಪ್ಪುವ ಮಾತು, ಮೊದಲು ಅದು. ಆಮೇಲೆ, ಅವಳು ದೇವರ ಹತ್ತಿರ ಇದ್ದಾಳೆ ಅಂತ ಅಮ್ಮ ನಂಬುತ್ತಾಳೆ, ನನಗೆ ಹಾಗನ್ನಿಸುವುದಿಲ್ಲ, ಅವಳ ಮೇಲಿನ ಪ್ರೀತಿ ಇಬ್ಬರಿಗೂ ಒಂದೇ ಅಂತ ಹೇಳಿ. ನೀನು ತಂಗಿಗೆ ಹೊಡೆದದ್ದಕ್ಕೋ ಬೈದದ್ದಕ್ಕೋ ಹೀಗಾಗಲಿಲ್ಲ ಎಂಬುದನ್ನು ಅವನು ಕೇಳದಿದ್ದರೂ ಹೇಳಿ.

ನಿಮ್ಮ ಮನೆಯವರ ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ‘ನಾನೂ ಅವಳ ಹತ್ತಿರ ಹೋಗ್ತೀನಿ’ ಎಂಬಂಥ ಮಾತು ಅವರ ಬಾಯಲ್ಲಾಗಲಿ ನಿಮ್ಮ ಮನಸ್ಸಿನಲ್ಲಾಗಲಿ ಬಂದರೆ ನವೆಂಬರ್‌ವರೆಗೆ ಕಾಯಬೇಡಿ, ಅವತ್ತೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ.