ಕೇಳಿ–ಹೇಳಿ: ಸ್ಟೀಮ್ ಅಂಗಡಿಯಲ್ಲಿ ಗೇಮ್‌ನ ಮುಖಚಿತ್ರ

ಪ್ರಶ್ನೆ: ನಾವು ಗೆಳೆಯರು ಸೇರಿ ‘ಕಗ್ಗತ್ತಲ ಕೋಟೆ’ ಎಂಬ ಫ್ಯಾಂಟಸಿ ಗೇಮ್ ಸಿದ್ಧಪಡಿಸುತ್ತಿದ್ದೇವೆ. ಯಕ್ಷಗಾನದ ಕೇದಗೆ ಮುಂದಲೆಯನ್ನು ಹೋಲುವ ಶಿರೋಭೂಷಣ ತೊಟ್ಟ ಹುಡುಗಿಯೊಬ್ಬಳು ದೊಂದಿ ಹಿಡಿದು, ಶಾಪಗ್ರಸ್ತ ಕೋಟೆಯ ಒಂದೊಂದೇ ಅಂಕಣವನ್ನು ಬೆಳಗುತ್ತ ಹೋಗುವುದು ಆಟದ ತಿರುಳು. ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಪುಟ ತೆರೆಯುವುದಕ್ಕಾಗಿ ಕಲಾವಿದರೊಬ್ಬರಿಂದ ದೊಡ್ಡ ಚಿತ್ರ ಬರೆಸಿದೆವು. ಬೆಟ್ಟ, ಕೋಟೆ, ಪಿಶಾಚಿಗಳ ದಂಡು, ಮಿಂಚು, ಬಲಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತ ನಾಯಕಿ, ಎಲ್ಲವೂ ಅದರಲ್ಲಿವೆ. ನೋಡಿದವರೆಲ್ಲ ಮೆಚ್ಚಿದರು, ಆದರೆ ಅಂಗಡಿಯ ಪಟ್ಟಿಯಲ್ಲಿ ಅದನ್ನು ಯಾರೂ ಕ್ಲಿಕ್ ಮಾಡುತ್ತಿಲ್ಲ. ಚಿತ್ರದಲ್ಲಿ ಏನು ಕೊರತೆ?
— ಓದುಗರೊಬ್ಬರು, ಹೊನ್ನಾವರ

ಉತ್ತರ: ನಿಮ್ಮ ಚಿತ್ರದಲ್ಲಿ ಕೊರತೆಗಿಂತ ಹೊರೆಯೇ ಹೆಚ್ಚು. ಮೆಚ್ಚಿದವರು ಅದನ್ನು ಇಡೀ ಪರದೆಯ ಮೇಲೆ, ನೀವೇ ತೋರಿಸಿದಾಗ ನೋಡಿದ್ದಾರೆ. ಕೊಳ್ಳಬೇಕಾದವನು ನೋಡುವುದು ಹತ್ತಾರು ಗೇಮ್‌ಗಳ ಸಾಲಿನಲ್ಲಿ, ಬೆರಳು ಮುಂದಕ್ಕೆ ಸರಿಯುತ್ತಿರುವಾಗ. ಸ್ಟೀಮ್‌ನವರು ಕ್ಯಾಪ್ಸೂಲ್ ಎಂದು ಕರೆಯುವ ಈ ಚಿತ್ರಗಳಲ್ಲಿ ಅತಿ ಚಿಕ್ಕದನ್ನು ನೀವು 462×174 ಪಿಕ್ಸೆಲ್ ಅಳತೆಯಲ್ಲಿ ಕೊಟ್ಟರೂ, ಹುಡುಕಾಟದ ಪಟ್ಟಿಯಂಥ ಕಡೆಗಳಲ್ಲಿ ಅದು 120×45ರವರೆಗೂ ಕುಗ್ಗಿ ಕಾಣಿಸಿಕೊಳ್ಳುತ್ತದೆ. ಆ ಅಳತೆಯಲ್ಲಿ ನಿಮ್ಮ ಬೆಟ್ಟವೂ ದಂಡೂ ಕೋಟೆಯೂ ಸೇರಿ ಬೂದು ಬಣ್ಣದ ಕಲೆಯಾಗುತ್ತವೆ, ನಾಯಕಿ ಒಂದು ಚುಕ್ಕೆಯಾಗುತ್ತಾಳೆ. ಆದ್ದರಿಂದ ಚಿತ್ರವನ್ನು ದೊಡ್ಡದಾಗಿ ಬರೆಸಿ ಕುಗ್ಗಿಸುವ ಕ್ರಮವನ್ನೇ ಬಿಟ್ಟು, ಚಿಕ್ಕ ಅಳತೆಯಿಂದ ಆರಂಭಿಸಿ ದೊಡ್ಡದಕ್ಕೆ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಚಿಕ್ಕ ಅಳತೆಯಲ್ಲಿ ಉಳಿಯುವುದು ಎರಡೇ: ಒಂದು ಆಕೃತಿ, ಒಂದು ಹೆಸರು. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ 2017ರಲ್ಲಿ ಬಿಡುಗಡೆ ಮಾಡಿದ ‘ಹಾಲೋ ನೈಟ್’ ಗೇಮ್‌ನ ನಾಯಕನನ್ನು ಗಮನಿಸಿ. ಕಡುನೀಲಿ ಹಿನ್ನೆಲೆಯ ಮೇಲೆ ಎರಡು ಕೊಂಬುಗಳ ಬಿಳಿ ಮುಖವಾಡ, ಅದರಲ್ಲಿ ಎರಡು ಕಪ್ಪು ಕಣ್ಣು. ಬಣ್ಣವನ್ನೆಲ್ಲ ತೆಗೆದು ಕಪ್ಪು–ಬಿಳುಪಿಗೆ ತಿರುಗಿಸಿದರೂ, ಉಗುರಿನಷ್ಟಕ್ಕೆ ಇಳಿಸಿದರೂ ಅದು ಅದೇ ಎಂದು ಗೊತ್ತಾಗುತ್ತದೆ. ನಿಮ್ಮಲ್ಲಿ ಇದಕ್ಕೆ ಸರಿಸಾಟಿಯಾದ ವಸ್ತು ಈಗಾಗಲೇ ಇದೆ, ಅದನ್ನು ಮೂಲೆಗೆ ತಳ್ಳಿದ್ದೀರಿ. ಕೇದಗೆ ಮುಂದಲೆಯ ಆ ಏರಿದ ಎಸಳಿನಾಕಾರವನ್ನು ಫ್ಯಾಂಟಸಿ ಗೇಮ್‌ಗಳ ಸಾಲಿನಲ್ಲಿ ಬೇರೆಲ್ಲೂ ಕಾಣಲಾರಿರಿ; ಕತ್ತಿ ಹಿಡಿದ ವೀರ, ದೂರದ ಗೋಪುರ, ನೇರಳೆ ಬಣ್ಣದ ಮಂತ್ರಪ್ರಭೆ ಮಾತ್ರ ಅಲ್ಲಿ ಕೊಚ್ಚಿಕೊಂಡು ಹೋಗುವಷ್ಟಿವೆ. ನಾಯಕಿಯನ್ನು ಸೊಂಟದಿಂದ ಮೇಲಕ್ಕೆ, ಮುಖ ನಮ್ಮ ಕಡೆಗಿರುವಂತೆ ಬರೆಸಿ, ಚಿತ್ರದ ಅರ್ಧದಷ್ಟನ್ನಾದರೂ ಅವಳಿಗೆ ಬಿಟ್ಟುಕೊಡಿ. ಕೋಟೆ ಬೇಕೇ ಬೇಕೆಂದರೆ ಅವಳ ಹಿಂದೆ ಒಂದು ಕಮಾನು ಸಾಕು.

ಇನ್ನು ಕತ್ತಲೆಯ ಮಾತು. ಸ್ಟೀಮ್‌ನ ಪುಟದ ಹಿನ್ನೆಲೆಯೇ ಕಡುನೀಲಿ. ಅಂಚುಗಳೆಲ್ಲ ಕಪ್ಪಾಗಿರುವ ಚಿತ್ರವನ್ನು ಅದರ ಮೇಲಿಟ್ಟರೆ ಚೌಕಟ್ಟು ಎಲ್ಲಿ ಮುಗಿಯಿತು, ಪುಟ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಕಗ್ಗತ್ತಲನ್ನು ತೋರಿಸಬೇಕಾದರೆ ಬೆಳಕನ್ನೇ ಬರೆಯಬೇಕು: ದೊಂದಿಯ ಕಿತ್ತಳೆ ಬೆಳಕು ನಾಯಕಿಯ ಒಂದು ಕೆನ್ನೆಯನ್ನೂ ಮುಂದಲೆಯ ಅಂಚನ್ನೂ ಬೆಳಗಲಿ, ಹಿನ್ನೆಲೆ ಕಪ್ಪಿನ ಬದಲು ತಣ್ಣನೆಯ ಹಸಿರುನೀಲಿಯಾಗಿರಲಿ. ಬೆಳಗುತ್ತ ಹೋಗುವುದೇ ನಿಮ್ಮ ಆಟವಾದ್ದರಿಂದ ಆಟದ ತಿರುಳನ್ನೂ ಇದೇ ಹೇಳಿಬಿಡುತ್ತದೆ. ಮಿಂಚು ಅದನ್ನು ಹೇಳುವುದಿಲ್ಲ, ತೆಗೆದುಹಾಕಿ.

ಹೆಸರಿನ ವಿಚಾರದಲ್ಲಿ ಕನ್ನಡ ಲಿಪಿಯ ತೊಡಕೊಂದಿದೆ. ‘ಕಗ್ಗತ್ತಲ’ ಎಂಬಲ್ಲಿ ಎರಡು ಒತ್ತಕ್ಷರಗಳು ಒಟ್ಟಿಗೇ ಬರುತ್ತವೆ. ಹೆಸರನ್ನು ಎರಡು ಸಾಲು ಮಾಡಿ 45 ಪಿಕ್ಸೆಲ್ ಎತ್ತರದಲ್ಲಿ ಕೂರಿಸಿದರೆ ಪ್ರತಿ ಸಾಲಿಗೆ ಹೆಚ್ಚೆಂದರೆ 22 ಪಿಕ್ಸೆಲ್ ಸಿಗುತ್ತದೆ. ಅದರಲ್ಲಿ ಒತ್ತಿನ ಪಾಲು ಆರೋ ಏಳೋ ಪಿಕ್ಸೆಲ್. ಅಷ್ಟರಲ್ಲಿ ಗಕಾರದ ಒತ್ತು ಯಾವುದು, ತಕಾರದ ಒತ್ತು ಯಾವುದು ಎಂದು ಯಾರಿಗೂ ಕಾಣದು. ಕಂಪ್ಯೂಟರಿನ ಸಿದ್ಧ ಫಾಂಟ್ ಇಲ್ಲಿ ಕೈಕೊಡುತ್ತದೆ. ಅಕ್ಷರಗಳನ್ನು ಕೈಯಿಂದ ಬರೆಸಿ, ಒತ್ತುಗಳನ್ನು ಮೂಲಾಕ್ಷರದಷ್ಟೇ ದಪ್ಪ ಗೆರೆಯಲ್ಲಿ ಹಿಗ್ಗಿಸಿ, ‘ಕೋಟೆ’ಯನ್ನು ಗಾತ್ರದಲ್ಲಿ ಕುಗ್ಗಿಸಿ ಪಕ್ಕಕ್ಕೆ ಸರಿಸಿದರೆ ಒತ್ತುಗಳಿಗೆ ಕೆಳಗಿಳಿಯಲು ಜಾಗವಾಗುತ್ತದೆ. ಪತ್ರಿಕೆಗಳ ಶೀರ್ಷಿಕೆಗಳನ್ನೂ ನಾಟಕದ ಪರದೆಗಳನ್ನೂ ಬರೆಯುತ್ತಿದ್ದ ನಮ್ಮ ಕಲಾವಿದರಿಗೆ ಈ ಕುಶಲತೆ ನೀರು ಕುಡಿದಷ್ಟು ಸುಲಭವಾಗಿತ್ತು. ನಿಮ್ಮೂರಿನಲ್ಲಿ ಬೋರ್ಡು ಬರೆಯುವ ಹಿರಿಯರು ಇನ್ನೂ ಇದ್ದರೆ ಒಮ್ಮೆ ವಿಚಾರಿಸಿ. ಹೊರದೇಶದ ಗ್ರಾಹಕರಿಗಾಗಿ ರೋಮನ್ ಲಿಪಿಯ ಲೋಗೋ ಹೇಗೂ ಬೇಕು, ಅದರಲ್ಲಿ ಈ ಹೆಸರು 14 ಅಕ್ಷರಗಳಷ್ಟು ಉದ್ದವಾಗುತ್ತದೆ. ಹೆಸರು ಬದಲಿಸಲು ಇನ್ನೂ ಅವಕಾಶವಿದ್ದರೆ ಚಿಕ್ಕದೊಂದನ್ನು ಯೋಚಿಸುವುದು ಒಳ್ಳೆಯದು. ಹೆಸರನ್ನು ಹೀಗೆ ಕತ್ತರಿಸುವುದು ಲೇಖಕರಿಗೆ ನೋವಿನ ಕೆಲಸ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ.

ಕಲಾವಿದರಿಗೆ ಕೆಲಸ ಒಪ್ಪಿಸುವಾಗ ನಾಯಕಿ, ಹಿನ್ನೆಲೆ, ದೊಂದಿಯ ಬೆಳಕು, ಲೋಗೋ ಇವಿಷ್ಟನ್ನೂ ಬೇರೆ ಬೇರೆ ಲೇಯರ್‌ಗಳಲ್ಲಿ, ಅಂದರೆ ಒಂದೊಂದನ್ನೇ ಸರಿಸಬಹುದಾದ ಪದರಗಳಲ್ಲಿ, ಕೊಡಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಏಕೆಂದರೆ ಸ್ಟೀಮ್ ಕೇಳುವ ಅಳತೆಗಳು ಹಲವು (ಎಲ್ಲವೂ ಪಿಕ್ಸೆಲ್‌ಗಳಲ್ಲಿ): ಗೇಮ್‌ನ ಪುಟದ ಮೇಲ್ಭಾಗದಲ್ಲಿ ಕಾಣುವ ಹೆಡರ್ ಕ್ಯಾಪ್ಸೂಲ್ 920×430, ಮುಖ್ಯ ಕ್ಯಾಪ್ಸೂಲ್ 1232×706, ಉದ್ದನೆಯದು 748×896, ಕೊಂಡವರ ಲೈಬ್ರರಿಯಲ್ಲಿ ಕಾಣುವುದು 600×900. ಒಂದು ಅಡ್ಡಲಾಗಿದ್ದರೆ ಇನ್ನೊಂದು ನೆಟ್ಟಗಿರುವ ಈ ಆಕಾರಗಳಿಗೆ ಒಂದೇ ಚಿತ್ರವನ್ನು ಕತ್ತರಿಸಿ ಹೊಂದಿಸಲು ಹೋದರೆ ಎಲ್ಲೋ ಒಂದು ಕಡೆ ಮುಂದಲೆಯೇ ತುಂಡಾಗುತ್ತದೆ. ಅತಿ ಚಿಕ್ಕ ಕ್ಯಾಪ್ಸೂಲ್‌ನಲ್ಲಂತೂ ಲೋಗೋ ಬಹುಪಾಲು ಜಾಗ ತುಂಬಬೇಕು, ನಾಯಕಿ ಬರೀ ಮುಖವಾಗಿ ಉಳಿದರೂ ಅಡ್ಡಿಯಿಲ್ಲ. ಲೈಬ್ರರಿಯ ಮೇಲ್ಭಾಗದ 3840×1240 ಅಳತೆಯ ಹಿರಿಚಿತ್ರದಲ್ಲಿ ಮಾತ್ರ ಅಕ್ಷರ ಇರಕೂಡದು; ನಿಮ್ಮ ಬೆಟ್ಟವನ್ನೂ ದಂಡನ್ನೂ ಅಲ್ಲಿ ಧಾರಾಳವಾಗಿ ಬಳಸಿ, ಕಲಾವಿದರ ಶ್ರಮ ವ್ಯರ್ಥವಾಗುವುದಿಲ್ಲ.

ಸಿದ್ಧವಾದದ್ದನ್ನು ಪರೀಕ್ಷಿಸುವ ಬಗೆ ಸರಳ. ಸ್ಟೀಮ್‌ನಲ್ಲಿ ನಿಮ್ಮಂಥವೇ ಗೇಮ್‌ಗಳಿರುವ ಪುಟವೊಂದರ ಸ್ಕ್ರೀನ್‌ಶಾಟ್ ತೆಗೆದು, ಅದರಲ್ಲಿ ಒಂದರ ಜಾಗಕ್ಕೆ ನಿಮ್ಮ ಕ್ಯಾಪ್ಸೂಲ್ ಅಂಟಿಸಿ, ನಿಮ್ಮ ಗೇಮ್‌ನ ಗಂಧಗಾಳಿಯಿಲ್ಲದ ಯಾರಿಗಾದರೂ ಎರಡು ಕ್ಷಣ ತೋರಿಸಿ ಮುಚ್ಚಿ. ಯಾವುದು ನೆನಪಿದೆ, ಅದು ಎಂಥ ಆಟವಿರಬಹುದು ಎಂದು ಕೇಳಿ. ಚೆನ್ನಾಗಿದೆಯೇ ಎಂದು ಮಾತ್ರ ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ.

ಪ್ರಶ್ನೆ: ನಮ್ಮ ಗೇಮ್‌ಗೆ ಕಾಲೇಜು ಉತ್ಸವವೊಂದರಲ್ಲಿ ಬಹುಮಾನ ಬಂದಿದೆ. ಅದನ್ನೂ, ‘ಡೆಮೊ ಲಭ್ಯ’ ಎಂಬ ಮಾತನ್ನೂ ಕ್ಯಾಪ್ಸೂಲ್ ಮೇಲೆ ಮುದ್ರಿಸಬಹುದೇ?
— ವಿದ್ಯಾರ್ಥಿ, ಮಂಗಳೂರು

ಉತ್ತರ: ಬೇಡ. 2022ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಕ್ಯಾಪ್ಸೂಲ್‌ನಲ್ಲಿ ಆಟದ ಚಿತ್ರ, ಹೆಸರು ಮತ್ತು ಅಧಿಕೃತ ಉಪಶೀರ್ಷಿಕೆ ಬಿಟ್ಟು ಬೇರೆ ಬರಹ ಇರುವಂತಿಲ್ಲ. ಪ್ರಶಸ್ತಿ, ವಿಮರ್ಶೆಯ ಅಂಕ, ರಿಯಾಯಿತಿಯ ಘೋಷಣೆ ಯಾವುದೂ ಸಲ್ಲದು. ಮೀರಿದರೆ ಅಂಗಡಿಯ ಪ್ರಚಾರದ ಜಾಗಗಳಿಂದ ನಿಮ್ಮ ಗೇಮ್ ಹೊರಗುಳಿಯಬಹುದು. ದೊಡ್ಡ ಅಪ್‌ಡೇಟ್ ಬಂದಾಗ ಅದರ ಹೆಸರಿರುವ ತಾತ್ಕಾಲಿಕ ಚಿತ್ರವನ್ನು ಒಂದು ತಿಂಗಳ ಮಟ್ಟಿಗೆ ಹಾಕಲು ಅವಕಾಶವಿದೆ. ಬಹುಮಾನದ ವಿಷಯವನ್ನು ಪುಟದ ವಿವರಣೆಯಲ್ಲಿ ಬರೆಯಿರಿ. ನಿಯಮ ಇಲ್ಲದಿದ್ದರೂ ನನ್ನ ಉತ್ತರ ಇದೇ ಆಗುತ್ತಿತ್ತು, ಏಕೆಂದರೆ 120 ಪಿಕ್ಸೆಲ್ ಅಗಲದಲ್ಲಿ ಬಹುಮಾನದ ಚಿಹ್ನೆ ಮಸಿಯ ಮಚ್ಚೆಯಾಗಿ ಕಾಣುತ್ತದೆ.

ಪ್ರಶ್ನೆ: ಕಲಾವಿದರಿಗೆ ಕೊಡಲು ಹಣವಿಲ್ಲ. ಎಐ ತಂತ್ರಾಂಶದಿಂದ ಚಿತ್ರ ಮಾಡಿಸಿಕೊಂಡರೆ ತಪ್ಪೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸ್ಟೀಮ್ ಅದನ್ನು ನಿಷೇಧಿಸಿಲ್ಲ, ಆದರೆ 2024ರ ಜನವರಿಯಿಂದ ಎಐ ಬಳಕೆಯನ್ನು ಗೇಮ್ ತಯಾರಕರು ಘೋಷಿಸಬೇಕಾಗಿದೆ, ಆ ಘೋಷಣೆ ಗ್ರಾಹಕರಿಗೂ ಪುಟದಲ್ಲಿ ಕಾಣುತ್ತದೆ. ಫ್ಯಾಂಟಸಿ ಗೇಮ್‌ಗಳನ್ನು ಆಡುವವರಲ್ಲಿ ಇದನ್ನು ಕಂಡು ಮುಖ ತಿರುಗಿಸುವವರು ಬೇಕಾದಷ್ಟಿದ್ದಾರೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಇಂಥ ಚಿತ್ರ ಆಟದ ಒಳಗಿನ ನೋಟಕ್ಕೆ ಹೊಂದುವುದು ಅಪರೂಪ. ಪುಟದಲ್ಲಿ ಕನಿಷ್ಠ ಐದು ಸ್ಕ್ರೀನ್‌ಶಾಟ್‌ಗಳಿರಬೇಕು, ಅವು ನಿಜವಾದ ಆಟದ್ದೇ ಆಗಿರಬೇಕು. ತೈಲವರ್ಣದಂಥ ಮುಖಚಿತ್ರ ನೋಡಿ ಒಳಬಂದವನು ಕೆಳಗೆ ಪಿಕ್ಸೆಲ್ ಗೊಂಬೆಗಳನ್ನು ಕಂಡರೆ ಮುಂದೆ ಕೊಳ್ಳಲೆಂದು ಗುರುತಿಟ್ಟುಕೊಳ್ಳುವ ವಿಶ್‌ಲಿಸ್ಟ್‌ಗೆ ಸೇರಿಸದೆ ಹೊರಟುಬಿಡುತ್ತಾನೆ. ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಅದನ್ನು ಲೋಗೋ ಮತ್ತು ಒಂದು ಪಾತ್ರದ ಅರ್ಧಮೈ ಚಿತ್ರಕ್ಕೆ ಮಾತ್ರ ವಿನಿಯೋಗಿಸಿ. ಹಿನ್ನೆಲೆಗೆ ಆಟದ ಒಳಗಿನ ಅತ್ಯುತ್ತಮ ದೃಶ್ಯವೊಂದನ್ನು ತೆಗೆದು, ಸ್ವಲ್ಪ ಮಸುಕುಗೊಳಿಸಿ, ಪಾತ್ರದ ಹಿಂದೆ ಹೊಂದಿಸಿದರೆ ಸಾಕಾಗುತ್ತದೆ.