ಮಡಿಕೇರಿಯಿಂದ ಮೂರು ದಿನದ ಸೈಕಲ್ ಸುತ್ತು: ಯಾವ ದಾರಿ?

ಮಡಿಕೇರಿಯಿಂದ ಹೊರಟು, ಹೆದ್ದಾರಿ ಬಿಟ್ಟು, ಹಳೇ ಜಾಗ ನೋಡ್ತಾ ಮೂರು ದಿನ ಸೈಕಲ್ ಹೊಡೆಯೋಕೆ ಆಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗುತ್ತೆ.

ಮೊದಲ ದಿನ ಭಾಗಮಂಡಲ, ಸುಮಾರು 40 ಕಿ.ಮೀ. ಹೊರಡುವ ಮೊದಲು ಮಡಿಕೇರಿಯ ಗದ್ದಿಗೆ ನೋಡಿ, ರಾಜರ ಸಮಾಧಿಗಳು ಅಲ್ಲಿವೆ. ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ., ಏರೋ ಏರು. ನಾನು ಅರ್ಧ ದೂರ ಸೈಕಲ್ ತಳ್ಳಿದ್ದೇನೆ, ನಾಚಿಕೆ ಏನಿಲ್ಲ.

ಎರಡನೇ ದಿನ ನಾಪೋಕ್ಲು ಕಡೆಯಿಂದ ಕಕ್ಕಬ್ಬೆಗೆ. ಈ ಸುತ್ತಿನ ಜೀವ ಇರೋದೇ ಇಲ್ಲಿ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಕಾಫಿ ತೋಟ, ಎದುರಿಗೆ 1,748 ಮೀಟರ್ ಎತ್ತರದ ತಡಿಯಂಡಮೋಳ್. ಅದರ ಬುಡದಲ್ಲೇ ನಾಲ್ಕುನಾಡು ಅರಮನೆ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. ಮೈಸೂರು ಅರಮನೆ ಥರ ಇರುತ್ತೆ ಅಂದುಕೊಂಡು ಹೋಗಬೇಡಿ. ದೊಡ್ಡ ಮನೆಯಷ್ಟೇ, ಆದರೆ ಮರದ ಕೆತ್ತನೆ, ಗೋಡೆಯ ಚಿತ್ರಗಳನ್ನು ನಿಧಾನವಾಗಿ ನೋಡಬೇಕು. ಆ ರಾತ್ರಿ ಕಕ್ಕಬ್ಬೆಯ ಹೋಂಸ್ಟೇನಲ್ಲಿ ಉಳಿಯಿರಿ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಸಿಕ್ಕರೆ ಡಯಟ್ ಮರೆತುಬಿಡಿ.

ಮೂರನೇ ದಿನ ವಿರಾಜಪೇಟೆ. ಅದೂ ಅದೇ ರಾಜನ ಹೆಸರಿನ ಊರು. ಅಲ್ಲಿಂದ ಮಡಿಕೇರಿಗೆ ವಾಪಸ್, ಆದರೆ ಈ ರಸ್ತೆಯಲ್ಲಿ ಗಾಡಿ ಜಾಸ್ತಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮ್ನೆ ಬರಬೇಡಿ. ಮಳೆ, ಜಿಗಣೆ, ಮೇಲೆ ಭೂಕುಸಿತದ ಭಯ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿ ತುಂಬಿರುತ್ತೆ, ಅದಾದ ಮೇಲೆ ಹೊರಡಿ. ಬ್ರೇಕ್ ಪ್ಯಾಡ್ ಮಾತ್ರ ಹೊಸದು ಹಾಕಿಸಿಕೊಂಡೇ ಬನ್ನಿ, ಇಲ್ಲಿ ಹತ್ತೋದಕ್ಕಿಂತ ಇಳಿಯೋದೇ ಕಷ್ಟ.